ವಿದೇಶಕ್ಕೆ ಕರೆ ಹೋಗುತ್ತಿಲ್ಲವೇ? ಎಲ್ಲಿ ನಿಂತಿದೆ ಎಂದು ಮೊದಲು ಪತ್ತೆ ಮಾಡಿ

ಮನೆಯಲ್ಲಿ ಕೂತು ಬೇರೆ ದೇಶಕ್ಕೆ ಫೋನ್ ಮಾಡುತ್ತೀರಿ. ಕರೆ ಹೋಗುವುದಿಲ್ಲ. ಆಗ ಹೆಚ್ಚಿನವರು ಅದೇ ನಂಬರನ್ನು ಮತ್ತೆ ಮತ್ತೆ ಒತ್ತುತ್ತಾರೆ. ಇಲ್ಲವೇ ಫೋನ್ ಆಫ್ ಮಾಡಿ ಆನ್ ಮಾಡುತ್ತಾರೆ, ಸಿಮ್ ತೆಗೆದು ಹಾಕುತ್ತಾರೆ, ಕಂಡಕಂಡ ಸೆಟ್ಟಿಂಗ್ ಬದಲಿಸುತ್ತಾರೆ. ಕೊನೆಗೆ ಕರೆ ಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

ಏನನ್ನೂ ಮುಟ್ಟುವ ಮೊದಲು ಕರೆ ಎಲ್ಲಿಯವರೆಗೆ ಹೋಯಿತು ಎಂದು ಕಂಡುಕೊಳ್ಳಿ. ವಿದೇಶದ ಕರೆ ಐದು ಕಡೆ ದಾಟಬೇಕು. ನಿಮ್ಮ ಫೋನ್, ನಿಮ್ಮ ಫೋನ್ ಕಂಪನಿ, ನಡುವಿನ ಅಂತರರಾಷ್ಟ್ರೀಯ ದಾರಿ, ಆ ದೇಶದ ಕಂಪನಿ, ಕೊನೆಗೆ ಅಲ್ಲಿರುವವರ ಫೋನ್. ಒಂದೊಂದು ಕಡೆ ನಿಂತಾಗ ಒಂದೊಂದು ರೀತಿಯ ಗುರುತು ಸಿಗುತ್ತದೆ. ಆ ಗುರುತು ಓದಲು ಬಂದರೆ ಹುಡುಕಾಟ ಐದರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಮೊದಲು ಎರಡು ಕರೆ

ಯಾವ ದೋಷವೇ ಇರಲಿ, ಈ ಎರಡು ಪರೀಕ್ಷೆ ಮಾಡಿಯೇ ಮುಂದೆ ಹೋಗಿ.

ಒಂದು, ನಿಮ್ಮದೇ ಫೋನಿನಿಂದ ಅದೇ ದೇಶದ ಬೇರೊಂದು ನಂಬರಿಗೆ ಕರೆ ಮಾಡಿ. ಗೊತ್ತಿರುವವರು ಯಾರೂ ಇಲ್ಲದಿದ್ದರೆ ಅಲ್ಲಿನ ಒಂದು ದೊಡ್ಡ ಹೋಟೆಲ್ ಅಥವಾ ವಿಮಾನ ನಿಲ್ದಾಣದ ಲ್ಯಾಂಡ್‌ಲೈನ್ ಸಾಕು. ಎರಡು, ಬೇರೆ ಕಂಪನಿಯ ಫೋನಿನಿಂದ ನಿಮಗೆ ಬೇಕಾದ ಅದೇ ನಂಬರಿಗೆ ಕರೆ ಮಾಡಿ.

ಬೇರೆ ನಂಬರಿಗೆ ಕರೆ ಹೋಗಿ, ನಿಮಗೆ ಬೇಕಾದ್ದಕ್ಕೆ ಮಾತ್ರ ಹೋಗದಿದ್ದರೆ ತೊಂದರೆ ಆ ನಂಬರಿನಲ್ಲಿದೆ ಅಥವಾ ಆ ಕಡೆ ಇದೆ. ನಿಮ್ಮ ಫೋನಿನಿಂದ ಆ ದೇಶದ ಯಾವ ನಂಬರಿಗೂ ಹೋಗದೆ, ಬೇರೆ ಕಂಪನಿಯ ಫೋನಿನಿಂದ ಹೋದರೆ ತೊಂದರೆ ನಿಮ್ಮ ಕಡೆ ಇದೆ. ಆಗ ಇನ್ನೂ ಒಂದು ಕರೆ ಮಾಡಿ, ಮೂರನೆಯ ದೇಶಕ್ಕೆ. ಅದು ಹೋದರೆ ನಿಮ್ಮ ಫೋನಿನಲ್ಲಿ ಏನೂ ಕೆಟ್ಟಿಲ್ಲ, ಆ ಒಂದು ದೇಶಕ್ಕೆ ಹೋಗುವ ದಾರಿ ಕೆಟ್ಟಿದೆ ಎಂದರ್ಥ. ಇಷ್ಟು ಗೊತ್ತಾಗಿದ್ದರೆ ಕಸ್ಟಮರ್ ಕೇರ್‌ನವರು ಫೋನ್ ರೀಸೆಟ್ ಮಾಡಿ ಎಂದಾಗ ಅದು ಬೇಕಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಕಿವಿಗೊಟ್ಟು ಕೇಳಿ

ವಿದೇಶದ ಕರೆಗೆ ನಂಬರ್ ಒತ್ತಿದ ಮೇಲೆ ಹತ್ತು ಸೆಕೆಂಡ್ ಮೌನ ಇರುವುದು ಮಾಮೂಲು. ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಮೌನ ಕೇಳಿ ಕಟ್ ಮಾಡಬೇಡಿ. ಅರ್ಧ ನಿಮಿಷ ಕಾಯಿರಿ. ಎಷ್ಟು ಹೊತ್ತಿಗೆ ಏನು ಕೇಳಿಸಿತು ಎಂದು ಬರೆದಿಟ್ಟುಕೊಳ್ಳಿ.

ಒತ್ತಿದ ಒಂದೆರಡು ಸೆಕೆಂಡಿನಲ್ಲೇ ನಿಮ್ಮ ಭಾಷೆಯಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಧ್ವನಿ ಬಂದರೆ ಕರೆ ನಿಮ್ಮ ಕಂಪನಿಯನ್ನೇ ದಾಟಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಆ ದೇಶದ ಭಾಷೆಯಲ್ಲಿ ಧ್ವನಿ ಬಂದರೆ ಕರೆ ಅಲ್ಲಿಗೆ ಮುಟ್ಟಿದೆ, ಅಲ್ಲಿ ಯಾವುದೋ ಕಾರಣಕ್ಕೆ ನಿಂತಿದೆ. ಭಾಷೆ ಅರ್ಥವಾಗದಿದ್ದರೆ ಆ ಧ್ವನಿಯನ್ನು ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ, ತಿಳಿದವರಿಗೆ ಕೇಳಿಸಿ. ಆ ಒಂದು ವಾಕ್ಯದಲ್ಲಿ ಪೂರ್ತಿ ಉತ್ತರವೇ ಇರುತ್ತದೆ. ನಂಬರ್ ಬದಲಾಗಿದೆ, ಫೋನ್ ಆಫ್ ಆಗಿದೆ, ಈ ನಂಬರ್ ಬಳಕೆಯಲ್ಲಿಲ್ಲ, ಹೀಗೆ ಏನಾದರೊಂದು.

ಧ್ವನಿಗೆ ಮೊದಲು ಕೆಳಗಿನಿಂದ ಮೇಲೆ ಏರುವ ಮೂರು ಸದ್ದು ಕೇಳಿಸಿದರೆ ಅದಕ್ಕೂ ಅರ್ಥವಿದೆ. ಸುಮಾರು 950, 1400 ಮತ್ತು 1800 ಹರ್ಟ್ಜ್‌ನ ಈ ಮೂರು ಸ್ವರ ಹಲವು ದೇಶಗಳಲ್ಲಿ ಒಂದೇ ರೀತಿ ಇವೆ. ಕರೆ ಮುಗಿಯುವ ಹಾಗಿಲ್ಲ, ಮುಂದೆ ಬರುವ ಪ್ರಕಟಣೆ ಕೇಳಿ ಎಂಬ ಸೂಚನೆ ಅದು. ಹೀಗಾದಾಗ ಮತ್ತೆ ಮತ್ತೆ ಪ್ರಯತ್ನಿಸುವುದು ವ್ಯರ್ಥ. ನಂಬರನ್ನು ಪರೀಕ್ಷಿಸಿ.

ಇನ್ನು ಎಂಗೇಜ್ ಟೋನ್. ಇದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಎಂಗೇಜ್‌ನಂತೆಯೇ ಕೇಳಿಸುವ, ಆದರೆ ಬೇಗ ಬೇಗ ಬಡಿಯುವ ಇನ್ನೊಂದು ಟೋನ್ ಇದೆ. ಅಮೆರಿಕದಲ್ಲಿ ನಿಜವಾದ ಎಂಗೇಜ್ ಟೋನ್ ಅರ್ಧ ಸೆಕೆಂಡ್ ಸದ್ದು, ಅರ್ಧ ಸೆಕೆಂಡ್ ಮೌನ. ವೇಗದ ಟೋನ್ ಕಾಲು ಸೆಕೆಂಡ್ ಸದ್ದು, ಕಾಲು ಸೆಕೆಂಡ್ ಮೌನ. ಮೊದಲನೆಯದಕ್ಕೆ ಅವರು ಬೇರೆಯವರ ಜತೆ ಮಾತಾಡುತ್ತಿದ್ದಾರೆ ಎಂದರ್ಥ. ಎರಡನೆಯದಕ್ಕೆ ದಾರಿಯೇ ಸಿಗಲಿಲ್ಲ ಎಂದರ್ಥ, ಅವರ ಫೋನ್ ರಿಂಗ್ ಆಗಿಯೇ ಇಲ್ಲ. ಮಗಳು ಯಾವಾಗ ನೋಡಿದರೂ ಫೋನಿನಲ್ಲಿ ಎಂಗೇಜ್ ಎಂದು ಬೇಸರ ಪಡುವ ಮೊದಲು ಇದನ್ನು ಗಮನಿಸಿ.

ರಿಂಗ್ ಟೋನ್ ಕೂಡ ದೇಶಕ್ಕೊಂದು ರೀತಿ. ಅಮೆರಿಕದ್ದು 2 ಸೆಕೆಂಡ್ ಉದ್ದದ ಸದ್ದು, ನಂತರ 4 ಸೆಕೆಂಡ್ ಮೌನ. ಬ್ರಿಟನ್ನಿನದು ಚಿಕ್ಕ ಚಿಕ್ಕ ಎರಡು ಸದ್ದು, ಆಮೇಲೆ 2 ಸೆಕೆಂಡ್ ಮೌನ. ಜರ್ಮನಿಯದು 1 ಸೆಕೆಂಡಿನ ಒಂದೇ ಸದ್ದು, 4 ಸೆಕೆಂಡ್ ಮೌನ. ನಮ್ಮ ಕಿವಿಗೆ ಪರಿಚಯವಿಲ್ಲದ ರಿಂಗನ್ನು ಎಂಗೇಜ್ ಎಂದುಕೊಂಡು ಕಟ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಸದ್ದಿಗಿಂತ ಮೌನ ಉದ್ದವಿದ್ದರೆ ಅದು ರಿಂಗ್ ಎಂದೇ ತಿಳಿದು ಕಾಯಿರಿ.

ನಂಬರ್: ಹೆಚ್ಚಿನ ದೋಷ ಇಲ್ಲೇ

ವಿದೇಶದ ನಂಬರಿನಲ್ಲಿ ಮೂರು ತುಂಡುಗಳಿವೆ. ನಿಮ್ಮ ದೇಶದಿಂದ ಹೊರಗೆ ಹೋಗಲು ಬೇಕಾದ ಅಂಕಿ, ಆ ದೇಶದ ಕೋಡ್, ಆಮೇಲೆ ಅಲ್ಲಿನ ನಂಬರ್. ದೇಶದ ಕೋಡ್ ಒಂದರಿಂದ ಮೂರು ಅಂಕಿ ಇರುತ್ತದೆ. ಕೋಡ್ ಸೇರಿಸಿ ಇಡೀ ನಂಬರ್ 15 ಅಂಕಿ ಮೀರುವಂತಿಲ್ಲ. ಇದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮ. ನಿಮ್ಮ ಹತ್ತಿರ ಇರುವ ನಂಬರ್ ಅದಕ್ಕಿಂತ ಉದ್ದವಿದ್ದರೆ ಎಲ್ಲೋ ಅಂಕಿ ಹೆಚ್ಚಾಗಿ ಸೇರಿದೆ.

ಹೊರಗೆ ಹೋಗುವ ಅಂಕಿ ಹೆಚ್ಚಿನ ದೇಶಗಳಲ್ಲಿ 00. ಅಮೆರಿಕ, ಕೆನಡಾಗಳಲ್ಲಿ 011. ಆಸ್ಟ್ರೇಲಿಯಾದಲ್ಲಿ 0011, ಜಪಾನಿನಲ್ಲಿ 010. ಇದು ನೀವು ಇರುವ ದೇಶಕ್ಕೆ ಸೇರಿದ ಅಂಕಿ, ಕರೆ ಹೋಗುವ ದೇಶಕ್ಕೆ ಸೇರಿದ್ದಲ್ಲ. ಬೇರೆ ದೇಶದಿಂದ ಯಾರೋ ಬರೆದು ಕಳಿಸಿದ ನಂಬರ್ 011 ಎಂದು ಶುರುವಾಗಿದ್ದರೆ ಅದು ಅವರ ದೇಶದಿಂದ ಹೊರಡುವ ದಾರಿ. ನಿಮ್ಮಲ್ಲಿ ನಡೆಯದಿರಬಹುದು. ಮೊಬೈಲಿನಲ್ಲಿ ಈ ಗೊಂದಲವೇ ಬೇಡ. 0 ಕೀಲಿಯನ್ನು ಒತ್ತಿ ಹಿಡಿದರೆ + ಬರುತ್ತದೆ. + ಹಾಕಿದರೆ ಸರಿಯಾದ ಅಂಕಿಯನ್ನು ನೆಟ್‌ವರ್ಕೇ ನೋಡಿಕೊಳ್ಳುತ್ತದೆ. ಫೋನ್ ಬುಕ್ಕಿನಲ್ಲಿರುವ ಎಲ್ಲ ನಂಬರುಗಳನ್ನೂ + ಮತ್ತು ದೇಶದ ಕೋಡ್ ಸೇರಿಸಿಯೇ ಇಟ್ಟುಕೊಳ್ಳಿ. ಇದೊಂದು ಕೆಲಸ ಮಾಡಿಟ್ಟರೆ ಮುಂದಿನ ಎಷ್ಟೋ ತಾಪತ್ರಯ ತಪ್ಪುತ್ತದೆ. ಲ್ಯಾಂಡ್‌ಲೈನಿನಲ್ಲಿ + ಇಲ್ಲ. ಅಲ್ಲಿ ಅಂಕಿಯನ್ನೇ ಒತ್ತಬೇಕು.

ಈಗ ಆ ಹಾಳು ಸೊನ್ನೆಯ ವಿಷಯಕ್ಕೆ ಬರೋಣ. ಹಲವು ದೇಶಗಳಲ್ಲಿ ಒಳಗಿನ ಕರೆಗೆ ನಂಬರಿನ ಮುಂದೆ 0 ಹಾಕುತ್ತಾರೆ. ಹೊರಗಿನಿಂದ ಮಾಡುವಾಗ ಅದನ್ನು ಬಿಡಬೇಕು. ಲಂಡನ್ನಿನವರು 020 7946 0018 ಎಂದು ಕೊಟ್ಟ ನಂಬರನ್ನು ನೀವು +44 20 7946 0018 ಎಂದು ಒತ್ತಬೇಕು. ವಿಸಿಟಿಂಗ್ ಕಾರ್ಡುಗಳಲ್ಲಿ +44 (0)20 ಎಂದು ಅಚ್ಚು ಹಾಕಿಸುತ್ತಾರೆ. ಆವರಣದೊಳಗಿನ ಆ ಸೊನ್ನೆ ಒಳಗಿನವರಿಗೆ ಮಾತ್ರ. ಹೊರಗಿನವರು ಅದನ್ನು ಒತ್ತಬಾರದು. ಹೀಗೆ ಅಚ್ಚು ಹಾಕುವುದನ್ನು ನಿಲ್ಲಿಸಿದರೆ ಎಷ್ಟೋ ಜನರಿಗೆ ಉಪಕಾರವಾಗುತ್ತದೆ.

ಹಾಗೆಂದು ಎಲ್ಲ ಸೊನ್ನೆಯನ್ನೂ ಕಿತ್ತು ಹಾಕಬೇಡಿ. ಇಟಲಿಯಲ್ಲಿ 1998ರಿಂದ ಲ್ಯಾಂಡ್‌ಲೈನಿನ ಸೊನ್ನೆ ನಂಬರಿನದೇ ಭಾಗ. ರೋಮ್‌ಗೆ +39 06 ಎಂದೇ ಒತ್ತಬೇಕು. ಅಲ್ಲಿನ ಮೊಬೈಲುಗಳು 3ರಿಂದ ಶುರುವಾಗುತ್ತವೆ, ಅವುಗಳ ಮುಂದೆ ಸೊನ್ನೆ ಇಲ್ಲ. ಐವರಿ ಕೋಸ್ಟ್‌ನಲ್ಲಿ 2021ರ ಜನವರಿ 31ರಂದು 8 ಅಂಕಿಯ ನಂಬರುಗಳು 10 ಅಂಕಿಗೆ ಏರಿದವು. ಈಗ ಅಲ್ಲಿನ ಮೊಬೈಲ್ ನಂಬರುಗಳು 01, 05, 07 ಎಂದು ಶುರುವಾಗುತ್ತವೆ, ಹೊರಗಿನಿಂದಲೂ ಆ ಸೊನ್ನೆ ಬೇಕು. ಬಿಡಬೇಕಾದದ್ದು ಎಲ್ಲ ಕಡೆ ಸೊನ್ನೆಯೇ ಆಗಿರುವುದೂ ಇಲ್ಲ. ಹಂಗೇರಿಯಲ್ಲಿ 06 ಬಿಡಬೇಕು. ರಷ್ಯಾದಲ್ಲಿ 8 ಬಿಡಬೇಕು.

ಅರ್ಜೆಂಟೀನಾದ್ದು ಎಲ್ಲಕ್ಕಿಂತ ಕಷ್ಟ. ಅಲ್ಲಿನವರು ಮೊಬೈಲ್ ನಂಬರನ್ನು ಏರಿಯಾ ಕೋಡ್, ಆಮೇಲೆ 15, ಆಮೇಲೆ ನಂಬರ್ ಎಂದು ಹೇಳುತ್ತಾರೆ. ಹೊರಗಿನಿಂದ ಮಾಡುವಾಗ ಆ 15 ಬಿಡಬೇಕು, ಏರಿಯಾ ಕೋಡಿನ ಮುಂದೆ 9 ಸೇರಿಸಬೇಕು. ಬ್ಯೂನಸ್ ಐರಿಸ್‌ನ 011 15 ಎಂಬ ಶುರು ಹೊರಗಿನವರಿಗೆ +54 9 11 ಆಗುತ್ತದೆ. ಮೆಕ್ಸಿಕೊದಲ್ಲಿ ಉಲ್ಟಾ. ಮೊದಲು ಅಲ್ಲಿನ ಮೊಬೈಲಿಗೆ +52 ಆದಮೇಲೆ 1 ಹಾಕಬೇಕಿತ್ತು. 2019ರ ಆಗಸ್ಟಿನಿಂದ ಅದು ಬೇಡ. ಹಳೆಯ ಡೈರಿಯಿಂದ ನಂಬರ್ ತೆಗೆದಿದ್ದರೆ ಆ ದೇಶ ನಂತರ ನಂಬರುಗಳನ್ನು ಬದಲಿಸಿದೆಯೇ ಎಂದು ನೋಡುವುದು ಒಳ್ಳೆಯದು.

ಒಂದೇ ಕೋಡನ್ನು ಹಲವು ದೇಶಗಳು ಹಂಚಿಕೊಂಡಿರುವುದೂ ಉಂಟು. +1 ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಕೆನಡಾ ಇದೆ, ಜಮೈಕಾದ 876, ಡೊಮಿನಿಕನ್ ರಿಪಬ್ಲಿಕ್‌ನ 809, ಗ್ರೆನಡಾದ 473 ಎಲ್ಲ ಅದರೊಳಗೇ ಇವೆ. ನಿಮ್ಮ ಪ್ಲಾನಿನಲ್ಲಿ ಅಮೆರಿಕ ಮಾತ್ರ ಇದ್ದು ಜಮೈಕಾಕ್ಕೆ ಕರೆ ಮಾಡಿದರೆ ಹೋಗದೇ ಇರಬಹುದು, ಹೋದರೂ ಬಿಲ್ ಬೇರೆಯೇ ಬರಬಹುದು. +7 ಹಾಗೆಯೇ ರಷ್ಯಾ ಮತ್ತು ಕಜಾಕಿಸ್ತಾನ್ ಎರಡಕ್ಕೂ ಸೇರಿದೆ.

800ರಿಂದ ಶುರುವಾಗುವ ಉಚಿತ ನಂಬರುಗಳು ಹೆಚ್ಚಾಗಿ ಆಯಾ ದೇಶದ ಒಳಗೆ ಮಾತ್ರ ನಡೆಯುತ್ತವೆ. ನಿಮ್ಮ ಫೋನನ್ನು ಶಂಕಿಸಬೇಡಿ. ಬ್ಯಾಂಕ್ ಕಾರ್ಡಿನ ಹಿಂಭಾಗದಲ್ಲಿ ವಿದೇಶದಿಂದ ಕರೆ ಮಾಡಲು ಬೇರೆ ನಂಬರ್ ಕೊಟ್ಟಿರುತ್ತಾರೆ, ಅದನ್ನು ಬಳಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ತುರ್ತು ಸೇವೆಯ ಚಿಕ್ಕ ನಂಬರುಗಳು ಗಡಿ ದಾಟುವುದಿಲ್ಲ. 112 ಅಥವಾ 911 ಒತ್ತಿದರೆ ನೀವು ಇರುವ ಜಾಗದ ತುರ್ತು ಸೇವೆಗೇ ಕರೆ ಹೋಗುತ್ತದೆ. ದೂರದ ದೇಶದಲ್ಲಿ ಒಬ್ಬರೇ ಇರುವ ವಯಸ್ಸಾದವರಿದ್ದರೆ ಅವರ ಊರಿನ ಪೊಲೀಸ್ ಠಾಣೆ, ಹತ್ತಿರದ ಆಸ್ಪತ್ರೆ, ಪಕ್ಕದ ಮನೆಯವರ ಪೂರ್ತಿ ನಂಬರನ್ನು + ಸಮೇತ ಈಗಲೇ ಬರೆದಿಟ್ಟುಕೊಳ್ಳಿ. ಒಮ್ಮೆ ಕರೆ ಮಾಡಿ ಹೋಗುತ್ತದೆಯೇ ಎಂದೂ ನೋಡಿಕೊಳ್ಳಿ. ಅವಸರದ ಹೊತ್ತಿನಲ್ಲಿ ಹುಡುಕಲು ಆಗುವುದಿಲ್ಲ.

ನಂಬರ್ ಕಣ್ಣಿಗೆ ಸರಿಯಾಗಿ ಕಂಡರೂ ಹೋಗದಿದ್ದರೆ ಅದನ್ನು ಕಾಪಿ ಪೇಸ್ಟ್ ಮಾಡಿದ್ದೀರಾ ಎಂದು ನೆನಪಿಸಿಕೊಳ್ಳಿ. ಇಮೇಲ್ ಅಥವಾ ಮೆಸೇಜಿನಿಂದ ಕಾಪಿ ಮಾಡುವಾಗ ಕಾಣಿಸದ ಅಕ್ಷರಗಳು ಜತೆಗೆ ಬರಬಹುದು. ಅಳಿಸಿ, ಕೈಯಿಂದಲೇ ಒಂದೊಂದಾಗಿ ಒತ್ತಿ ನೋಡಿ.

ನಿಮ್ಮ ಕಡೆಯ ಬೀಗಗಳು

ನಂಬರ್ ಸರಿ ಇದೆ, ಆದರೂ ನಿಮ್ಮ ಕಂಪನಿಯ ಧ್ವನಿಯೇ ಬರುತ್ತಿದೆ ಎಂದರೆ ಮೊದಲ ಅನುಮಾನ ವಿದೇಶಕ್ಕೆ ಕರೆ ಮಾಡಲು ಬೇಕಾದ ಐಎಸ್‌ಡಿ ಸೌಲಭ್ಯದ ಮೇಲೆ. ವಂಚನೆಯ ಭಯಕ್ಕೆ ಎಷ್ಟೋ ಕಂಪನಿಗಳು ಹೊಸ ಕನೆಕ್ಷನ್ನಿಗೆ ಅದನ್ನು ಕೊಡುವುದೇ ಇಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಪ್ಲಾನ್ ಅಥವಾ ಸಿಮ್ ಬದಲಿಸಿದ ಮೇಲೆ ಕರೆ ನಿಂತಿದ್ದರೆ ಇದನ್ನೇ ಮೊದಲು ವಿಚಾರಿಸಿ. ಬ್ಯಾಲೆನ್ಸ್ ಇದೆ ಎಂದ ಮಾತ್ರಕ್ಕೆ ಸಾಲದು. ಪ್ಯಾಕಿನ ನಿಮಿಷಗಳು ಒಳಗಿನ ಕರೆಗೆ ಮಾತ್ರ ಇರಬಹುದು. ವಿದೇಶದ ಕರೆಗೆ ಮುಖ್ಯ ಬ್ಯಾಲೆನ್ಸ್ ಬೇಕಾಗಬಹುದು.

ಮೊಬೈಲಿನಲ್ಲಿ ಕರೆಗಳಿಗೆ ತಡೆ ಹಾಕುವ ವ್ಯವಸ್ಥೆಯೂ ಇದೆ. ಜಿಎಸ್‌ಎಂ ನೆಟ್‌ವರ್ಕುಗಳಲ್ಲಿ *#331# ಒತ್ತಿ ಕರೆ ಬಟನ್ ಅದುಮಿದರೆ ವಿದೇಶದ ಕರೆಗೆ ತಡೆ ಇದೆಯೇ ಎಂದು ಪರದೆಯ ಮೇಲೆ ಬರುತ್ತದೆ. ಇದು ಸುಮ್ನೆ ಕೇಳುವ ಕೋಡ್, ಏನನ್ನೂ ಬದಲಿಸುವುದಿಲ್ಲ. ತಡೆ ಇದ್ದರೆ #331* ಆದಮೇಲೆ ನಾಲ್ಕು ಅಂಕಿಯ ಪಾಸ್‌ವರ್ಡ್, ನಂತರ # ಒತ್ತಿ ತೆಗೆಯಬಹುದು. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಊಹಿಸಬೇಡಿ. ಮೂರು ಸಲ ತಪ್ಪಾದರೆ ಅದೂ ಲಾಕ್ ಆಗುತ್ತದೆ. ಕಂಪನಿಯನ್ನೇ ಕೇಳಿ.

ಇನ್ನೊಂದು ಬೀಗ ಸಿಮ್ಮಿನೊಳಗೆ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫಿಕ್ಸೆಡ್ ಡಯಲಿಂಗ್ ಎಂದು ಕಾಣಿಸುತ್ತದೆ. ಅದು ಆನ್ ಇದ್ದರೆ ಪಟ್ಟಿಯಲ್ಲಿರುವ ನಂಬರುಗಳಿಗೆ ಮಾತ್ರ ಕರೆ ಹೋಗುತ್ತದೆ. ಮಕ್ಕಳಿಗೋ ಹಿರಿಯರಿಗೋ ಕೊಟ್ಟ ಫೋನಿನಲ್ಲಿ ಯಾರಾದರೂ ಇದನ್ನು ಹಾಕಿಟ್ಟಿರಬಹುದು. ತೆಗೆಯಲು ಪಿನ್2, ಅಂದರೆ ಸಿಮ್ಮಿನ ಎರಡನೇ ಗುಪ್ತ ಅಂಕಿ, ಬೇಕು.

ಇಂಟರ್‌ನೆಟ್ ಮೂಲಕ ನಡೆಯುವ ಮನೆಯ ಫೋನಿನಲ್ಲಿ ಬೇರೊಂದು ತೊಂದರೆ. ಫೋನನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಪೆಟ್ಟಿಗೆಯೊಳಗೆ ಎಷ್ಟು ಅಂಕಿ ಬಂದರೆ ಕರೆ ಕಳಿಸಬೇಕು ಎಂಬ ನಿಯಮ ಬರೆದಿರುತ್ತದೆ. ಉದ್ದದ ವಿದೇಶಿ ನಂಬರ್ ಒತ್ತುವಾಗ ನಡುವೆ ತಡಮಾಡಿದರೆ ಒತ್ತಿದಷ್ಟನ್ನೇ ಕಳಿಸಿಬಿಡುತ್ತದೆ. ಪೂರ್ತಿ ಒತ್ತಿದರೂ ಇನ್ನೂ ಅಂಕಿ ಬರಬಹುದು ಎಂದು ಕಾಯುತ್ತಾ ಕೂರುವುದೂ ಇದೆ. ನಂಬರನ್ನು ಬೇಗ ಒತ್ತಿ, ಕೊನೆಗೆ # ಒತ್ತಿ ನೋಡಿ. ಹಲವು ಪೆಟ್ಟಿಗೆಗಳಲ್ಲಿ # ಎಂದರೆ ಮುಗಿಯಿತು, ಕಳಿಸು ಎಂದು ಅರ್ಥ. ಹಳೆಯ ಫೋನ್ ಸೆಟ್ ಆಗಿದ್ದರೆ ಅದರ ಕೆಳಗಿನ ಸ್ವಿಚ್ ಪಲ್ಸ್‌ನಲ್ಲಿ ಇದೆಯೋ ಟೋನ್‌ನಲ್ಲಿ ಇದೆಯೋ ನೋಡಿ. ಟೋನ್ ಇರಬೇಕು.

ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ

ಅವರಿಗೆ ಒಂದು ಮೆಸೇಜ್ ಕಳಿಸಿ, ಈಗ ಫೋನ್ ರಿಂಗ್ ಆಯಿತಾ ಎಂದು ಕೇಳಿ. ನಿಮಗೆ ರಿಂಗ್ ಕೇಳಿಸಿ ಅವರಿಗೆ ಆಗಿಲ್ಲ, ಮಿಸ್ಡ್ ಕಾಲ್ ಕೂಡ ಕಾಣಿಸಿಲ್ಲ ಎಂದರೆ ನಡುವಿನ ದಾರಿಯಲ್ಲಿ ದೋಷವಿದೆ. ಅಗ್ಗದ ಕೆಲವು ಮಾರ್ಗಗಳಲ್ಲಿ ಕರೆ ಮುಟ್ಟುವ ಮೊದಲೇ ಸುಳ್ಳು ರಿಂಗ್ ಕೇಳಿಸುವುದುಂಟು. ಅವರು ಎತ್ತದೆಯೇ ನಿಮಿಷದ ಲೆಕ್ಕ ಶುರುವಾಗಿದ್ದರೆ ಅದು ಇನ್ನೂ ಗಂಭೀರ. ಬಿಲ್ಲಿನ ಪ್ರತಿ ಇಟ್ಟುಕೊಂಡು ದೂರು ಕೊಡಿ.

ಅವರಿಗೆ ಕರೆ ಮುಟ್ಟಿದೆ, ಆದರೆ ಎತ್ತಲಿಲ್ಲ ಎಂದರೆ ಅವರ ಪರದೆಯ ಮೇಲೆ ನಿಮ್ಮ ನಂಬರ್ ಹೇಗೆ ಕಾಣಿಸಿತು ಎಂದು ಕೇಳಿ. ವಿದೇಶದ ಕರೆಗಳಲ್ಲಿ ಕರೆ ಮಾಡಿದವರ ನಂಬರ್ ದಾರಿಯಲ್ಲೇ ಕಳೆದುಹೋಗುವುದು, ಅರ್ಧಂಬರ್ಧ ಬರುವುದು ಮಾಮೂಲು. ಅಪರಿಚಿತ ಕರೆಗಳನ್ನು ಮೌನವಾಗಿಸುವ ಸೆಟ್ಟಿಂಗ್ ಅವರ ಫೋನಿನಲ್ಲಿ ಇದ್ದರೆ ರಿಂಗ್ ಆಗುವುದೇ ಇಲ್ಲ. ನಿಮ್ಮ ನಂಬರನ್ನು + ಮತ್ತು ದೇಶದ ಕೋಡ್ ಸೇರಿಸಿ ಸೇವ್ ಮಾಡಿಕೊಳ್ಳಲು ಹೇಳಿ. ಅಷ್ಟೇ ಸಾಕಾಗುವುದು ಬಹಳ.

ಅಲ್ಲಿ ಈಗ ಗಂಟೆ ಎಷ್ಟು ಎಂಬುದನ್ನೂ ನೋಡಿ. ವರ್ಷವೆಲ್ಲ ಒಂದೇ ವ್ಯತ್ಯಾಸ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ನ್ಯೂಯಾರ್ಕಿಗೂ ಲಂಡನ್ನಿಗೂ ಐದು ಗಂಟೆಯ ಬದಲು ನಾಲ್ಕೇ ಗಂಟೆಯ ಅಂತರ. ಪ್ರತಿ ವಾರ ಒಂದೇ ಹೊತ್ತಿಗೆ ಸಿಗುತ್ತಿದ್ದವರು ಇದ್ದಕ್ಕಿದ್ದಂತೆ ಸಿಗದಿದ್ದರೆ ಕಾರಣ ಇದೂ ಆಗಿರಬಹುದು, ಅಲ್ವಾ?

ಕರೆ ಸಿಕ್ಕಿತು, ಮಾತು ಕೇಳಿಸುತ್ತಿಲ್ಲ

ನಿಮ್ಮ ಮಾತೇ ನಿಮಗೆ ಸ್ವಲ್ಪ ತಡವಾಗಿ ವಾಪಸ್ ಕೇಳಿಸುತ್ತಿದೆಯೇ? ಜನ ಆಗ ತಮ್ಮ ಫೋನನ್ನೇ ಅಲುಗಾಡಿಸಿ ನೋಡುತ್ತಾರೆ. ಆದರೆ ದೋಷ ಆ ಕಡೆ ಇರುತ್ತದೆ. ನಿಮ್ಮ ಧ್ವನಿ ಅವರ ಸ್ಪೀಕರಿನಿಂದ ಹೊರಬಂದು ಅವರದೇ ಮೈಕಿಗೆ ಹೋಗಿ ತಿರುಗಿ ಬರುತ್ತಿದೆ. ಕಣಿವೆಯಲ್ಲಿ ಕೂಗಿದಾಗ ಎದುರಿನ ಗುಡ್ಡದಿಂದ ಸದ್ದು ಮರಳುವ ಹಾಗೆ. ಸ್ಪೀಕರ್ ಆಫ್ ಮಾಡಿ, ಧ್ವನಿ ಕಡಿಮೆ ಮಾಡಿ, ಇಯರ್‌ಫೋನ್ ಹಾಕಿಕೊಳ್ಳಿ ಎಂದು ಅವರಿಗೆ ಹೇಳಿ. ಅವರಿಗೆ ಅವರ ಮಾತು ಮರಳಿ ಕೇಳಿಸುತ್ತಿದ್ದರೆ ಆಗ ಮಾತ್ರ ನಿಮ್ಮ ಫೋನ್ ನೋಡಿಕೊಳ್ಳಿ.

ಪ್ರತಿಧ್ವನಿ ಇಲ್ಲ, ಆದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದೀರಿ ಎಂದರೆ ಅದು ತಡ. ಗಾಜಿನ ತಂತಿಯಲ್ಲಿ (ಆಪ್ಟಿಕಲ್ ಫೈಬರ್) ಮಾತು ಸಾಗಲು 1000 ಕಿಲೋಮೀಟರಿಗೆ ಸುಮಾರು 5 ಮಿಲಿಸೆಕೆಂಡ್ ಹಿಡಿಯುತ್ತದೆ. ಭೂಮಿಯ ಆ ಬದಿಗೂ ನೂರು ಮಿಲಿಸೆಕೆಂಡ್ ಆಸುಪಾಸು ಅಷ್ಟೇ. ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್‌ವರೆಗೆ ಮಾತಿಗೆ ತೊಂದರೆ ಇಲ್ಲ ಎಂಬುದು ದೂರಸಂಪರ್ಕ ಒಕ್ಕೂಟದ ಅಳತೆ, 400 ದಾಟಿದರೆ ಆಗದು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕ ಕರೆ ಹೋದರೆ ಮೇಲೆ ಹೋಗಿ ಕೆಳಗೆ ಬರಲಿಕ್ಕೇ ಕಾಲು ಸೆಕೆಂಡ್ ಬೇಕು. ಅದನ್ನು ರಿಪೇರಿ ಮಾಡಲು ಬರುವುದಿಲ್ಲ. ಒಬ್ಬರು ಮುಗಿಸಿ ಒಂದು ಕ್ಷಣ ಬಿಟ್ಟು ಇನ್ನೊಬ್ಬರು ಮಾತಾಡಬೇಕು. ತಂತಿಯ ದಾರಿಯಲ್ಲೂ ಇಷ್ಟೇ ತಡ ಇದ್ದರೆ ಕಟ್ ಮಾಡಿ ಮತ್ತೆ ಮಾಡಿ. ಬೇರೆ ಮಾರ್ಗ ಸಿಗಬಹುದು.

ಒಂದೇ ಕಡೆ ಮಾತು ಕೇಳಿಸುವುದು ಇಂಟರ್‌ನೆಟ್ ಫೋನಿನ ದೊಡ್ಡ ಕಾಟ. ಕರೆ ಕೂಡಿಸುವ ಸಂದೇಶ ಒಂದು ದಾರಿಯಲ್ಲಿ, ಧ್ವನಿ ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಮೊದಲನೆಯದನ್ನು ಬಿಟ್ಟ ನಿಮ್ಮ ರೌಟರ್ ಎರಡನೆಯದನ್ನು ತಡೆಯುತ್ತದೆ. ಅದಕ್ಕೇ ರಿಂಗ್ ಆಗುತ್ತದೆ, ಎತ್ತುತ್ತಾರೆ, ಆದರೆ ಮೌನ. ರೌಟರಿನ ಸೆಟ್ಟಿಂಗಿನಲ್ಲಿ ಸಿಪ್ ಎಎಲ್‌ಜಿ ಎಂಬುದು ಇದ್ದರೆ ಆಫ್ ಮಾಡಿ ನೋಡಿ. ಇಂಟರ್‌ನೆಟ್ ಕರೆಗೆ ಸಹಾಯ ಮಾಡಲೆಂದು ಇಟ್ಟ ಆ ಸೌಲಭ್ಯವೇ ಹೆಚ್ಚಾಗಿ ಕೆಡಿಸುತ್ತದೆ. ಒಂದರ ಹಿಂದೆ ಒಂದು ಎರಡು ರೌಟರ್ ಇದ್ದರೂ ಹೀಗಾಗಬಹುದು. ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ ಕರೆ ಮಾಡಿ. ಆಗ ಸರಿ ಇದ್ದರೆ ತಪ್ಪು ಮನೆಯ ರೌಟರಿನದೇ. ಆ್ಯಪಿನಲ್ಲಿ ಹೀಗಾದರೆ ಮೈಕ್ ಅನುಮತಿ ನೋಡಿ. ಬ್ಲೂಟೂತ್ ಇಯರ್‌ಫೋನ್ ಪಕ್ಕದ ಕೋಣೆಯಲ್ಲಿ ಆನ್ ಆಗಿಯೇ ಉಳಿದಿದೆಯೇ ಎಂದೂ ನೋಡಿ.

ಮಾತು ತುಂಡು ತುಂಡಾಗಿ ಬಂದರೆ ಇಂಟರ್‌ನೆಟ್ ವೇಗ ಸಾಲದು ಎಂದು ದೊಡ್ಡ ಪ್ಲಾನಿಗೆ ಹೋಗಬೇಡಿ. ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ 100 ಕೆಬಿಪಿಎಸ್‌ಗಿಂತ ಕಡಿಮೆ ಸಾಕು. ಬೇಕಾದದ್ದು ಸಮನಾದ ಹರಿವು. ಮನೆಯಲ್ಲಿ ಯಾರಾದರೂ ಫೋಟೋ, ವಿಡಿಯೋ ಅಪ್‌ಲೋಡ್ ಮಾಡುತ್ತಿದ್ದರೆ ನಿಲ್ಲಿಸಿ ನೋಡಿ. ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ.

ಎಷ್ಟು ಹೊತ್ತಿಗೆ ಕಟ್ ಆಗುತ್ತದೆ?

ಮಧ್ಯದಲ್ಲಿ ಕಟ್ ಆಗುವ ಕರೆಗೆ ಗಡಿಯಾರವೇ ಒಳ್ಳೆಯ ಸಾಕ್ಷಿ. ನಾಲ್ಕೈದು ಕರೆಗಳ ಅವಧಿ ಬರೆದಿಡಿ. ಇಂಟರ್‌ನೆಟ್ ಫೋನಿನಲ್ಲಿ ಪ್ರತಿ ಸಲ 32 ಸೆಕೆಂಡಿನ ಹತ್ತಿರ ಕಟ್ ಆದರೆ, ಕರೆ ಎತ್ತಿದ ಮೇಲೆ ಹೋಗಬೇಕಾದ ಖಚಿತಪಡಿಸುವ ಸಂದೇಶ ಮುಟ್ಟುತ್ತಿಲ್ಲ ಎಂದರ್ಥ. ಮತ್ತೆ ರೌಟರಿನ ಕಡೆಗೇ ಹೋಗಿ. 15 ಅಥವಾ 30 ನಿಮಿಷಕ್ಕೆ ಸರಿಯಾಗಿ ಕಟ್ ಆದರೆ ಎರಡೂ ಕಡೆಯ ಯಂತ್ರಗಳು ಕರೆ ಇನ್ನೂ ಇದೆಯೇ ಎಂದು ವಿಚಾರಿಸುವ ಸಂದೇಶ ತಪ್ಪುತ್ತಿದೆ. ಇದನ್ನು ನಿಮ್ಮ ಕಂಪನಿಗೆ ಹೇಳಿ. ಒಂದು ಗಂಟೆ, ಎರಡು ಗಂಟೆಗೆ ಸರಿಯಾಗಿ ಆದರೆ ಕಂಪನಿ ಹಾಕಿದ ಮಿತಿ ಇರಬಹುದು. ಒಂದೊಂದು ಸಲ ಒಂದೊಂದು ಹೊತ್ತಿಗೆ ಆದರೆ ಬ್ಯಾಲೆನ್ಸ್ ಇಲ್ಲವೇ ಸಿಗ್ನಲ್ ನೋಡಿ.

ಇಂಗ್ಲಿಷಿಗೆ 1 ಒತ್ತಿ ಎನ್ನುವ ಯಂತ್ರ ನಿಮ್ಮ ಕೀಲಿಗಳನ್ನು ಗುರುತಿಸದಿದ್ದರೆ ಅದೂ ದೋಷವೇ. ಧ್ವನಿಯನ್ನು ಚಿಕ್ಕದು ಮಾಡಿ ಕಳಿಸುವಾಗ ಕೀಲಿಯ ಸದ್ದು ಕೆಡುತ್ತದೆ. ಇಂಟರ್‌ನೆಟ್ ಫೋನಿನ ಪೆಟ್ಟಿಗೆಯಲ್ಲಿ ಕೀಲಿಗಳ ಸದ್ದಿಗೆ ಸಂಬಂಧಿಸಿದ ಡಿಟಿಎಂಎಫ್ ಸೆಟ್ಟಿಂಗನ್ನು ಆರ್‌ಎಫ್‌ಸಿ 2833 ಎಂದು ಬದಲಿಸಿದರೆ ಕೀಲಿಗಳು ಧ್ವನಿಯಿಂದ ಬೇರೆಯಾಗಿ ಹೋಗುತ್ತವೆ.

ಆ್ಯಪ್ ಕರೆಗಳು

ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ ಎಂದರೆ ಆ ದೇಶದಲ್ಲಿ ಆ್ಯಪ್ ಕರೆಗೆ ತಡೆ ಇರಬಹುದು. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ನಡೆದರೂ ಕರೆಗೆ ಬಹುಕಾಲದಿಂದ ತಡೆ ಇದೆ. ಅಲ್ಲಿ ಅನುಮತಿ ಇರುವ ಆ್ಯಪ್ ಯಾವುದು ಎಂದು ಅಲ್ಲಿರುವವರನ್ನೇ ಕೇಳಿ ಅದನ್ನು ಹಾಕಿಕೊಳ್ಳಿ. ಅವರ ಫೋನ್ ಪರದೆ ಆನ್ ಇದ್ದಾಗ ಮಾತ್ರ ರಿಂಗ್ ಆಗುತ್ತದೆ ಎಂದರೆ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನು ಮಲಗಿಸುತ್ತಿದೆ. ಆ ಒಂದು ಆ್ಯಪಿಗೆ ವಿನಾಯಿತಿ ಕೊಡಲು ಹೇಳಿ. ಸ್ಕೈಪಿನಿಂದ ಅಲ್ಲಿನ ಲ್ಯಾಂಡ್‌ಲೈನಿಗೆ ಕರೆ ಮಾಡುತ್ತಿದ್ದವರಿಗೆ ಬೇರೆ ದಾರಿಯೇ ಗತಿ. ಅದು 2025ರ ಮೇ 5ರಂದು ಮುಚ್ಚಿತು.

ಗೊತ್ತಿಲ್ಲದ ವಿದೇಶಿ ನಂಬರಿನಿಂದ ಒಂದೇ ರಿಂಗಿನ ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಬೇಡಿ. ದುಬಾರಿ ನಂಬರಿಗೆ ಕರೆ ಮಾಡಿಸಿ ದುಡ್ಡು ಎಳೆಯುವ ವಂಚನೆ ಅದು. +870, +881 ಎಂದು ಶುರುವಾಗುವವು ಉಪಗ್ರಹ ಫೋನುಗಳು, ಅವುಗಳ ದರ ತುಂಬಾ ಜಾಸ್ತಿ.

ದೂರು ಕೊಡುವಾಗ

ಇಷ್ಟೆಲ್ಲ ನೋಡಿದ ಮೇಲೂ ತೊಂದರೆ ನಿಮ್ಮ ಕಂಪನಿಯಲ್ಲೋ ನಡುವಿನ ದಾರಿಯಲ್ಲೋ ಇದೆ ಎಂದಾದರೆ ದೂರು ಕೊಡಿ. ವಿದೇಶಕ್ಕೆ ಕರೆ ಹೋಗುತ್ತಿಲ್ಲ ಎಂದಷ್ಟೇ ಹೇಳಬೇಡಿ. ಕರೆ ಮಾಡಿದ ನಂಬರನ್ನು + ಸಮೇತ ಕೊಡಿ. ದಿನ, ನಿಮಿಷದವರೆಗಿನ ಸಮಯ, ಎಷ್ಟು ಸೆಕೆಂಡಿಗೆ ಏನು ಕೇಳಿಸಿತು, ಅದೇ ದೇಶದ ಬೇರೆ ನಂಬರಿಗೆ ಹೋಯಿತೇ, ಬೇರೆ ಕಂಪನಿಯ ಫೋನಿನಿಂದ ಹೋಯಿತೇ ಎಂದು ಬರೆಯಿರಿ. ಆ ದಿನವೇ ಮಾಡಿದ ಕರೆಯನ್ನು ಉದಾಹರಣೆಗೆ ಕೊಡಿ, ಅವರಿಗೆ ಹುಡುಕಲು ಸುಲಭ.

ಕರೆ ಬಿದ್ದಾಗ ಯಾವ ಕಾರಣದ ಕೋಡ್ ಬಂತು ಎಂದು ಕೇಳಿ. ಕರೆ ಸಿಗದಿದ್ದಾಗ ನೆಟ್‌ವರ್ಕುಗಳು ಒಂದಕ್ಕೊಂದು ಒಂದು ಅಂಕಿ ಕಳಿಸುತ್ತವೆ. 1 ಎಂದರೆ ಅಂಥ ನಂಬರೇ ಇಲ್ಲ. 17 ಎಂದರೆ ಎಂಗೇಜ್. 28 ಎಂದರೆ ನಂಬರಿನ ರೂಪ ತಪ್ಪು. 34 ಎಂದರೆ ಖಾಲಿ ಲೈನ್ ಇಲ್ಲ. ನಿಮಗೆ 34 ಎಂದು ಉತ್ತರ ಬಂದರೆ ಆ ದೇಶಕ್ಕೆ ಬೇರೆ ಮಾರ್ಗದಲ್ಲಿ ಕಳಿಸಿ ನೋಡಿ ಎಂದು ಕೇಳುವ ಹಕ್ಕು ನಿಮಗಿದೆ. ಕಂಪನಿಗಳ ಹತ್ತಿರ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮಾರ್ಗ ಇರುತ್ತವೆ.

ಅದು ಸರಿಹೋಗುವವರೆಗೆ ಅವರಿಗೆ ಮೆಸೇಜ್ ಮಾಡಿ, ಆ ಕಡೆಯಿಂದ ನಿಮಗೆ ಕರೆ ಮಾಡಲು ಹೇಳಿ. ಬರುವ ಕರೆ ಬೇರೆ ದಾರಿಯಲ್ಲಿ ಬರುತ್ತದೆ, ಹೆಚ್ಚಾಗಿ ಸಿಗುತ್ತದೆ. ಸಿಕ್ಕರೆ ಅದನ್ನೂ ದೂರಿನಲ್ಲಿ ಒಂದು ಸಾಲು ಸೇರಿಸಿ: ಅಲ್ಲಿಂದ ಬರುತ್ತದೆ, ಇಲ್ಲಿಂದ ಹೋಗುವುದಿಲ್ಲ.